ಹಾಪ್ಸ್ ಬಿದ್ದ ಮೇಲೆ ನೆರಳು ಬೇಕು

ಮನೆ ಹಿತ್ತಲಲ್ಲೇ ಬಿಯರ್ ಕುದಿಸುತ್ತೇನೆ ಅಂದೆಯಲ್ಲ, ಕುದಿಸಪ್ಪ. ಐದು ಗ್ಯಾಲನ್ ಕುದಿಯಲು ಅಡುಗೆಮನೆಯ ಒಲೆ ಸಾಮಾನ್ಯವಾಗಿ ಸಾಲುವುದಿಲ್ಲ. ಪ್ರೊಪೇನ್ ಒಲೆಯನ್ನಂತೂ ಗ್ಯಾರೇಜಿನೊಳಗೆ ಹೊತ್ತಿಸಲೇಬೇಡ, ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಜೀವ ತೆಗೆಯುತ್ತದೆ. 1978ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಗಂಡ ಹೆಂಡತಿ ಇಬ್ಬರಿರುವ ನಿಮ್ಮ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲ, ಮಾರಬಾರದು ಅಷ್ಟೆ. ಊರಿಗೆ ಬಂದಾಗ ಮಾತ್ರ ಈ ಉಮೇದು ಬೇಡ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ.

ನನಗೆ ಚಿಂತೆ ನಿನ್ನ ಡೆಕ್ ಮೇಲೆ ಬೀಳುವ ಬಿಸಿಲಿನದು. ಮಾಲ್ಟ್ ನೀರು ಕುದಿಯುವಾಗ ಬಿಸಿಲಿಗೆ ಹೆದರಬೇಕಿಲ್ಲ. ಹಾಪ್ಸ್ ಹೂ ಹಾಕುವ ತನಕ ಕೆಡಲು ಅದರಲ್ಲಿ ಕಹಿಯೇ ಇರುವುದಿಲ್ಲ, ಸ್ಟೀಲ್ ಪಾತ್ರೆಯ ಗೋಡೆಯಿಂದ ಬೆಳಕೂ ನುಗ್ಗದು. ಹಾಪ್ಸ್ ಕುದಿದು ಕಹಿ ಇಳಿದ ಮೇಲೆ ಕತೆ ಬೇರೆ. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಬೆಳಕನ್ನು ಹೀರಿಕೊಂಡು ಆ ಕಹಿಯ ಅಣುವನ್ನು ಮುರಿಯುತ್ತದೆ. ಮುರಿದ ತುಣುಕು ಗಂಧಕದ ಜೊತೆ ಕೂಡಿದರೆ ಸ್ಕಂಕ್ ಪ್ರಾಣಿ ಚಿಮ್ಮಿಸುವ ದ್ರವದ್ದೇ ಜಾತಿಯ ನಾತ. ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಬಿಳಿ ಗಾಜಿನಲ್ಲಿ, ನೇರ ಬಿಸಿಲಿನಲ್ಲಿ, ಇದಕ್ಕೆ ಕೆಲವು ನಿಮಿಷ ಸಾಕು. ಒಮ್ಮೆ ಹುಟ್ಟಿದ ನಾತಕ್ಕೆ ಮನೆಯಲ್ಲಿ ಮದ್ದಿಲ್ಲ.

ಬಿಯರನ್ನು ಐಸ್ ನೀರಿನ ಟಬ್ಬಿನಲ್ಲಿ ಇಟ್ಟಿದ್ದೇನಲ್ಲ ಎಂದು ಸಮಾಧಾನ ಪಡಬೇಡ. ಎಷ್ಟೋ ಜನ ಎಡವುವುದು ಇಲ್ಲೇ. ಐಸು ಕಾವನ್ನು ತಡೆಯುತ್ತದೆ, ಕೆಡಿಸುವುದು ಬೆಳಕು. ಚಳಿಗಾಲದ ಕಿಟಕಿ ಬಿಸಿಲೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಒಲೆ ಆರಿಸಿ ತಣಿಸುವಾಗ ಪಾತ್ರೆಯನ್ನು ಆದಷ್ಟು ಮುಚ್ಚಿಡು. ಪೂರ್ತಿ ತಣಿದ ಮೇಲೆಯೇ ಗಾಜಿನ ಕಾರ್ಬಾಯ್ ಜಾಡಿಗೆ ಸುರಿ, ಬಿಸಿ ತಗುಲಿದರೆ ಗಾಜು ಸೀಳುತ್ತದೆ. ಯೀಸ್ಟ್ ಹಾಕಿದೊಡನೆ ಒಳಗಿನ ಕತ್ತಲೆ ಕೋಣೆಗೆ ಸಾಗಿಸಿ, ಮೇಲೊಂದು ದಪ್ಪ ಕಂಬಳಿ ಹೊದಿಸು.

ಬಾಟಲಿ ಕಂದು ಬಣ್ಣದ್ದೇ ಇರಲಿ. ಹಸಿರು ಗಾಜು ನೋಡಲು ಚೆಂದ, ರಕ್ಷಣೆ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ಬಿಳಿ ಬಾಟಲಿಯ ಬಿಯರ್ ಕಂಡು ಮರುಳಾಗಬೇಡ. ಬೆಳಕಿಗೆ ಮುರಿಯದಂತೆ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಕೆಲವು ಕಂಪನಿಗಳು ಬಳಸುತ್ತವೆ, ನಿನ್ನ ಹತ್ತಿರ ಇರುವುದು ಬರೀ ಹಾಪ್ಸ್.

ನನ್ನ ಮಾತನ್ನೇ ನಂಬಿ ಕೂರಬೇಡ. ಮೊದಲ ಸಲ ತುಂಬುವಾಗ ಒಂದನ್ನು ಮಾತ್ರ ಬಿಳಿ ಬಾಟಲಿಗೆ ತುಂಬು. ಬಿಯರ್ ಹದಕ್ಕೆ ಬಂದ ಮೇಲೆ ಅದನ್ನು ಒಂದು ಗಂಟೆ ಬಿಸಿಲಿಗಿಟ್ಟು, ಆಮೇಲೆ ಕಂದು ಬಾಟಲಿಯ ಪಕ್ಕ ಫ್ರಿಜ್ಜಿನಲ್ಲಿಡು. ಎರಡೂ ಒಂದೇ ಸಮ ತಣ್ಣಗಾದ ಮೇಲೆ ಲೋಟಕ್ಕೆ ಬಗ್ಗಿಸಿ ಮೂಸಿ ನೋಡು.