ವಿಶ್ವ ವಾಯುಗುಣ ಸಮ್ಮೇಳನದಲ್ಲಿ ವೀಕ್ಷಕರು



ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಗೆ ಭೂಗೋಳದ ಪಾಠ ಹೇಳುತ್ತಿದ್ದಾಗ ವಿಶ್ವ ವಾಯುಗುಣ ಸಮ್ಮೇಳನದ ಮಾತು ಬಂದಿತು. ಅಲ್ಲಿ ರಾಷ್ಟ್ರಗಳ ಪ್ರತಿನಿಧಿಗಳಲ್ಲದೆ ವೀಕ್ಷಕರೆಂಬವರೂ ಇರುವರು, ಅವರಿಗೆ ಮತಾಧಿಕಾರವಿಲ್ಲ ಎಂದು ನಾನು ಹೇಳಿದೆನು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಮತವಿಲ್ಲದವರು ಅಷ್ಟು ದೂರ ಹೋಗಿ ಮಾಡುವುದೇನು? ಸುಮ್ಮನೆ ನೋಡಿ ಬರುವುದೇ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಘಂಟೆ ಬಾರಿಸಿತು; ಉತ್ತರ ಉಳಿದುಹೋಯಿತು. ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಉತ್ತರವನ್ನು ನನ್ನ ಹುಟ್ಟೂರಿನ ಕೆರೆಯಿಂದ ಆರಂಭಿಸುವೆನು. ಬಯಲುಸೀಮೆಯ ನಮ್ಮ ಊರಿನಲ್ಲಿ ಕೆರೆಯ ತೂಬನ್ನು ಎಂದು ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಅಚ್ಚುಕಟ್ಟಿನ ರೈತರು ಕಟ್ಟೆಯ ಮೇಲೆ ಕುಳಿತು ನಿರ್ಧರಿಸುತ್ತಿದ್ದರು. ಗದ್ದೆಯಿಲ್ಲದವರಿಗೆ ಆ ನಿರ್ಧಾರದಲ್ಲಿ ಪಾಲಿಲ್ಲ. ಅವರು ಕಟ್ಟೆಯ ಕೆಳಗೆ ನಿಂತು ಕೇಳಬಹುದಿತ್ತು. ನಾನು ಚಿಕ್ಕವನಿದ್ದಾಗ ಒಂದು ವರ್ಷ, ಅಲ್ಲಿ ನಿಂತಿದ್ದ ಮುದುಕ ಕುರಿಗಾಹಿಯೊಬ್ಬನು, "ನೀರಿನ ಲೆಕ್ಕ ಆಮೇಲೆ ಹಾಕಿರಪ್ಪ, ಏರಿಯ ಮೂಡಣ ಮೂಲೆಯಲ್ಲಿ ನೀರು ಜಿನುಗುತ್ತಾ ಇದೆ" ಎಂದನು. ಕೆಲವರು ಗದರಿಸಿದರು. ಆದರೆ ಹಿರಿಯರೊಬ್ಬರು ಎದ್ದು ಹೋಗಿ ನೋಡಿದರು, ಮಾತು ನಿಜವಾಗಿತ್ತು. ದಿನವೂ ಏರಿಯ ಮೇಲೆ ಕುರಿ ಮೇಯಿಸುತ್ತಿದ್ದವನಿಗೆ ಕಂಡದ್ದು ಗದ್ದೆಯವರಿಗೆ ಕಂಡಿರಲಿಲ್ಲ. ಆ ವಾರವೇ ಏರಿಗೆ ಮಣ್ಣು ಬಿದ್ದಿತು. ಈ ಮುದುಕನನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಸಮ್ಮೇಳನದ ಹುಟ್ಟು

ಒಂದು ದಿನದ ಬಿಸಿಲು ಮಳೆಗಳನ್ನು ಹವೆ ಎನ್ನುತ್ತೇವೆ. ಒಂದು ಪ್ರದೇಶದ ಹಲವು ದಶಕಗಳ ಹವೆಯ ಸರಾಸರಿಯೇ ವಾಯುಗುಣ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟಾಗ ಹೊರಡುವ ಇಂಗಾಲದ ಡೈ ಆಕ್ಸೈಡ್ ವಾತಾವರಣದಲ್ಲಿ ಸೇರಿ ಭೂಮಿಯ ಶಾಖವನ್ನು ಹಿಡಿದಿಡುವುದು. ಈ ಅನಿಲಕ್ಕೆ ದೇಶದ ಗಡಿಯಿಲ್ಲ. ಒಬ್ಬರು ಉರಿಸಿದ ಬೆಂಕಿಯ ಫಲವನ್ನು ಮತ್ತೊಬ್ಬರು ಉಣ್ಣಬೇಕಾಗುವುದು. ಮುಂಬಯಿಯ ಸಾಂತಾಕ್ರೂಜಿನಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಿಮ್ಮ ತಂದೆತಾಯಿಗಳು ಇಂದಿಗೂ ಹೇಳುವರು. ಒಂದು ದಿನದ ಮಳೆಯನ್ನು ಹಿಡಿದು ವಾಯುಗುಣವೇ ಬದಲಾಯಿತೆಂದು ಹೇಳಲಾಗದು. ಆದರೆ ಬಿಸಿಯಾದ ಗಾಳಿಯು ಹೆಚ್ಚು ತೇವವನ್ನು ಹೊರುವುದರಿಂದ ಇಂಥ ಭಾರಿ ಮಳೆಗಳು ಹೆಚ್ಚುವುವೆಂದು ವಿಜ್ಞಾನಿಗಳು ಎಚ್ಚರಿಸಿರುವರು.

ಇದಕ್ಕೆ ಜಗತ್ತೆಲ್ಲ ಸೇರಿ ಉಪಾಯವನ್ನು ಕಾಣಬೇಕೆಂದು 1992ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ವಾಯುಗುಣ ಬದಲಾವಣೆಯ ಒಡಂಬಡಿಕೆ ಸಿದ್ಧವಾಯಿತು. ಬ್ರೆಜಿಲ್ಲಿನ ರಿಯೋ ಡಿ ಜನೈರೋ ನಗರದಲ್ಲಿ ರಾಷ್ಟ್ರಗಳು ಸಹಿ ಹಾಕತೊಡಗಿದುವು. ಅದು 1994ರ ಮಾರ್ಚ್ 21ರಂದು ಜಾರಿಗೆ ಬಂದಿತು. ಜಗತ್ತಿನ ಹೆಚ್ಚುಕಡಿಮೆ ಎಲ್ಲ ರಾಷ್ಟ್ರಗಳೂ ಅದನ್ನು ಸೇರಿದುವು. ಸೇರಿದ ರಾಷ್ಟ್ರಗಳ ಮೊದಲನೆಯ ಸಮ್ಮೇಳನ 1995ರಲ್ಲಿ ಬರ್ಲಿನ್ನಿನಲ್ಲಿಯೂ, ಎಂಟನೆಯದು 2002ರಲ್ಲಿ ನಮ್ಮ ದೆಹಲಿಯಲ್ಲಿಯೂ, ಮೂವತ್ತನೆಯದು 2025ರಲ್ಲಿ ಬ್ರೆಜಿಲ್ಲಿನ ಬೆಲೆಮ್ ನಗರದಲ್ಲಿಯೂ ನಡೆದುವು.

ವೀಕ್ಷಕರು ಯಾರು?

ಒಡಂಬಡಿಕೆಯ 7ನೆಯ ವಿಧಿಯಲ್ಲಿಯೇ ವೀಕ್ಷಕರಿಗೆ ಸ್ಥಾನ ದೊರೆತಿದೆ. ವಾಯುಗುಣದ ವಿಷಯದಲ್ಲಿ ಅರ್ಹತೆಯುಳ್ಳ ಯಾವ ಸಂಸ್ಥೆಯಾದರೂ, ಸರಕಾರದ್ದಾಗಲಿ ಅಲ್ಲದ್ದಾಗಲಿ, ಅಪೇಕ್ಷೆಯನ್ನು ತಿಳಿಸಿದರೆ ಸಮ್ಮೇಳನಕ್ಕೆ ಪ್ರವೇಶ ಪಡೆಯಬಹುದು. ಹಾಜರಿರುವ ರಾಷ್ಟ್ರಗಳಲ್ಲಿ ಮೂರರಲ್ಲೊಂದು ಪಾಲು ಆಕ್ಷೇಪಿಸಿದರೆ ಮಾತ್ರ ಬಾಗಿಲು ಮುಚ್ಚುವುದು. ಒಂದೆರಡು ಸರಕಾರಗಳಿಗೆ ಬೇಡವಾದವರನ್ನೂ ಹೊರಗಿಡಲಾಗದಂತೆ ಈ ನಿಯಮವನ್ನು ರಚಿಸಿರುವರು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಹಲವು ಸರಕಾರಗಳು ಕೂಡಿ ಕಟ್ಟಿದ ಸಂಸ್ಥೆಗಳು, ಸರಕಾರೇತರ ಸಂಸ್ಥೆಗಳು ಎಂದು ವೀಕ್ಷಕರಲ್ಲಿ ಮೂರು ಬಗೆ. ಮೂರನೆಯ ಬಗೆಯಲ್ಲಿಯೇ ಮೂರು ಸಾವಿರಕ್ಕಿಂತ ಹೆಚ್ಚಿನ ಸಂಸ್ಥೆಗಳಿರುವುವು. ಇಷ್ಟು ಮಂದಿ ಬೇರೆ ಬೇರೆಯಾಗಿ ಮಾತನಾಡಲು ಸಾಧ್ಯವಿಲ್ಲದ ಕಾರಣ ಅವರು ಒಂಬತ್ತು ಬಳಗಗಳಾಗಿ ಕೂಡಿರುವರು: ಪರಿಸರ ಸಂಘಗಳು, ವಾಣಿಜ್ಯೋದ್ಯಮಿಗಳು, ನಗರಸಭೆ ಮುಂತಾದ ಸ್ಥಳೀಯ ಆಡಳಿತಗಳು, ಮೂಲನಿವಾಸಿಗಳು, ಸಂಶೋಧನ ಸಂಸ್ಥೆಗಳು, ಕಾರ್ಮಿಕ ಸಂಘಗಳು, ಮಹಿಳಾ ಸಂಘಟನೆಗಳು, ರೈತರು ಮತ್ತು ಯುವಜನರು. ಆರಂಭದಲ್ಲಿ ಮೊದಲಿನ ಎರಡು ಮಾತ್ರ ಇದ್ದುವು. ಉಳಿದವು ಒಂದೊಂದಾಗಿ ಸೇರಿದುವು. ಯುವಜನರಿಗೆ ಪೂರ್ಣ ಮಾನ್ಯತೆ ದೊರೆತುದು 2011ರಲ್ಲಿ.

ಒಳಗೆ ಹೋಗುವ ದಾರಿ

ಇಚ್ಛೆ ಬಂದವರೆಲ್ಲ ನೇರವಾಗಿ ಹೋಗಿ ಕುಳಿತುಕೊಳ್ಳುವಂತಿಲ್ಲ. ವ್ಯಕ್ತಿಗೆ ಇಲ್ಲಿ ಪ್ರವೇಶವಿಲ್ಲ. ಸಂಸ್ಥೆಗೆ ಮಾತ್ರ ಉಂಟು. ಸರಕಾರೇತರ ಸಂಸ್ಥೆಯು ತಾನು ಕಾಯಿದೆಯಂತೆ ನೋಂದಣಿಯಾದುದಕ್ಕೂ, ಲಾಭಕ್ಕಾಗಿ ನಡೆಯದೆ ಇರುವುದಕ್ಕೂ, ವಾಯುಗುಣದ ವಿಷಯದಲ್ಲಿ ದುಡಿಯುತ್ತಿರುವುದಕ್ಕೂ ಆಧಾರ ಪತ್ರಗಳನ್ನು ಜರ್ಮನಿಯ ಬಾನ್ ನಗರದಲ್ಲಿರುವ ಕಾರ್ಯಾಲಯಕ್ಕೆ ಕಳುಹಿಸಬೇಕು. ಕಾರ್ಯಾಲಯವು ಪರಿಶೀಲಿಸಿದ ಮೇಲೆ ಸಮ್ಮೇಳನವೇ ಪ್ರವೇಶಕ್ಕೆ ಒಪ್ಪಿಗೆ ನೀಡುವುದು. ಒಮ್ಮೆ ಪ್ರವೇಶ ದೊರೆತರೆ ಪ್ರತಿ ವರ್ಷ ಹೊಸದಾಗಿ ಬೇಡಬೇಕಾಗಿಲ್ಲ. ಆಯಾ ವರ್ಷ ಹೋಗುವವರ ಹೆಸರುಗಳನ್ನು ಕಳುಹಿಸಿದರಾಯಿತು. ಹೆಸರುಗಳಿಗೂ ಮಿತಿಯುಂಟು. ಪರೀಕ್ಷೆಯ ಅರ್ಜಿಯಂತೆ ಇದರಲ್ಲಿಯೂ ಕೊನೆಯ ದಿನಾಂಕ ಮೀರಿದರೆ ಕೆಲಸ ಕೆಟ್ಟಿತು!

ಮತವಿಲ್ಲದವರ ಕೆಲಸ

ಇಲ್ಲೊಂದು ಸ್ವಾರಸ್ಯವುಂಟು. ಈ ಸಮ್ಮೇಳನದಲ್ಲಿ ಸದಸ್ಯ ರಾಷ್ಟ್ರಗಳು ಕೂಡ ಮತ ಹಾಕಿ ಮುಖ್ಯ ತೀರ್ಮಾನಗಳನ್ನು ಮಾಡುವುದಿಲ್ಲ. ಮತದಾನದ ನಿಯಮ ಹೇಗಿರಬೇಕೆಂಬುದರಲ್ಲಿಯೇ ಒಮ್ಮತ ಮೂಡದೆ ಆ ನಿಯಮ ಅಂಗೀಕಾರವಾಗದೆ ಉಳಿಯಿತು. ಆದುದರಿಂದ ಎಲ್ಲವೂ ಸರ್ವಸಮ್ಮತಿಯಿಂದ ನಡೆಯಬೇಕು. ರಾಷ್ಟ್ರಕ್ಕೆ ಇರುವ ನಿಜವಾದ ಬಲ "ಒಪ್ಪೆನು" ಎಂದು ತಡೆಯುವುದರಲ್ಲಿದೆ. ವೀಕ್ಷಕನು ತಡೆಯಲಾರನು. ಹಾಗಾದರೆ ಅವನ ಬಲವೆಲ್ಲಿದೆ?

ಮೊದಲನೆಯದು, ಕೇಳಿ ಬರೆಯುವುದು. ಒಂದೇ ಹೊತ್ತಿಗೆ ಅನೇಕ ಕೋಣೆಗಳಲ್ಲಿ ಮಾತುಕತೆ ನಡೆಯುವುದು. ದೊಡ್ಡ ರಾಷ್ಟ್ರಗಳು ನೂರಾರು ಮಂದಿಯನ್ನು ಕಳುಹಿಸುವುವು. ಪುಟ್ಟ ದ್ವೀಪರಾಷ್ಟ್ರದ ಕೆಲವೇ ಪ್ರತಿನಿಧಿಗಳು ಎಷ್ಟು ಕೋಣೆಗಳಲ್ಲಿ ಕುಳಿತಾರು? ಕೆನಡಾದ ಸಂಸ್ಥೆಯೊಂದು 1992ರಿಂದ ಪ್ರಕಟಿಸುತ್ತಿರುವ 'ಅರ್ತ್ ನೆಗೋಷಿಯೇಷನ್ಸ್ ಬುಲೆಟಿನ್' ಹಿಂದಿನ ದಿನದ ನಡವಳಿಕೆಯನ್ನು ಪಕ್ಷಪಾತವಿಲ್ಲದೆ ವರದಿ ಮಾಡುವುದು. ಅದನ್ನು ಓದಿ ದಿನದ ಕೆಲಸ ಆರಂಭಿಸುವ ಪ್ರತಿನಿಧಿಗಳು ಅನೇಕರು.

ಎರಡನೆಯದು, ಲೆಕ್ಕವನ್ನು ತಿದ್ದುವುದು. ಒಡಂಬಡಿಕೆ ಸಿದ್ಧವಾಗುವ ಮೊದಲೇ, 1990ರಲ್ಲಿ, ಅಮೆರಿಕದ ಸಂಶೋಧನ ಸಂಸ್ಥೆಯೊಂದರ ವರದಿಯು ಭಾರತ, ಚೀನಗಳಂಥ ದೇಶಗಳನ್ನೂ ದೊಡ್ಡ ಹೊಣೆಗಾರರ ಸಾಲಿನಲ್ಲಿ ನಿಲ್ಲಿಸಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಪುಸ್ತಿಕೆಯೊಂದನ್ನು ಬರೆದು ಈ ಲೆಕ್ಕವನ್ನು ಪ್ರಶ್ನಿಸಿದರು. ಬಡವನ ಬತ್ತದ ಗದ್ದೆಯಿಂದಲೂ ದನದ ಕೊಟ್ಟಿಗೆಯಿಂದಲೂ ಹೊರಡುವ ಅನಿಲವನ್ನು ಶ್ರೀಮಂತನ ಮೋಟಾರಿನ ಹೊಗೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಆಕಾಶವು ಎಲ್ಲ ಮನುಷ್ಯರಿಗೂ ಸಮಾನವಾಗಿ ಸೇರಿದುದಲ್ಲವೇ? ಇದು ಅವರ ವಾದದ ತಿರುಳು. ಬಡ ರಾಷ್ಟ್ರಗಳ ಪಕ್ಷಕ್ಕೆ ಇದರಿಂದ ಬಲ ಬಂದಿತು. ಹೊಣೆ ಎಲ್ಲರದು, ಆದರೆ ಎಲ್ಲರ ಹೊಣೆಯೂ ಸಮನಲ್ಲ ಎಂಬ ತತ್ತ್ವ 1992ರ ಒಡಂಬಡಿಕೆಯಲ್ಲಿ ಸೇರಿದೆ.

ಮೂರನೆಯದು, ಪದಗಳನ್ನು ಕಾಯುವುದು. ಕರಡಿನಲ್ಲಿ ಒಪ್ಪಿಗೆಯಾಗದ ಪದಗಳನ್ನು ಆವರಣ ಚಿಹ್ನೆಯೊಳಗೆ ಇಡುವರು. ಚಿಹ್ನೆ ಬಿದ್ದುಹೋದರೆ ಒಪ್ಪಿಗೆಯಾಯಿತೆಂದು ಅರ್ಥ. 2015ರಲ್ಲಿ ಪ್ಯಾರಿಸ್ ಒಪ್ಪಂದದ ಕೊನೆಯ ಗಳಿಗೆಯಲ್ಲಿ, ಶ್ರೀಮಂತ ರಾಷ್ಟ್ರಗಳು ಅನಿಲವನ್ನು ತಗ್ಗಿಸುವ ವಾಕ್ಯದಲ್ಲಿ, 'ಮಾಡತಕ್ಕದ್ದು' ಎಂಬ ಅರ್ಥದ ಇಂಗ್ಲಿಷ್ ಪದವಿದ್ದುದಕ್ಕೆ ಅಮೆರಿಕವು ಒಪ್ಪಲಿಲ್ಲ. ಅದನ್ನು ಬರವಣಿಗೆಯ ತಪ್ಪೆಂದು ಹೇಳಿ 'ಮಾಡುವುದು ಉಚಿತ' ಎಂಬಂಥ ಅರ್ಥದ ಪದಕ್ಕೆ ಬದಲಾಯಿಸಿದರು. ಒಂದು ಕ್ರಿಯಾಪದದಲ್ಲಿ ಕಟ್ಟಳೆ ಸಡಿಲವಾಯಿತು! ವ್ಯಾಕರಣವು ಅಂಕಗಳಿಗಾಗಿ ಮಾತ್ರವೆಂದು ತಿಳಿದಿರುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕರಡನ್ನು ಸಾಲುಸಾಲಾಗಿ ಓದಿ, ಬದಲಾದ ಪದದ ಅರ್ಥವನ್ನು ಪತ್ರಿಕೆಗಳಿಗೂ ಜನರಿಗೂ ಬಿಡಿಸಿ ಹೇಳುವುದು ವೀಕ್ಷಕರ ದೊಡ್ಡ ಕೆಲಸ.

ನಾಲ್ಕನೆಯದು, ಅವಕಾಶ ಸಿಕ್ಕಾಗ ಮಾತನಾಡುವುದು. ಅಧ್ಯಕ್ಷರು ಕರೆದರೆ ಪ್ರತಿಯೊಂದು ಬಳಗದ ಪರವಾಗಿ ಒಬ್ಬರು ಒಂದೆರಡು ನಿಮಿಷ ಮಾತನಾಡಬಹುದು. 2011ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಯುವಜನರ ಪರವಾಗಿ ಭಾರತೀಯ ಮೂಲದ ಅಂಜಲಿ ಅಪ್ಪಾದುರೈ ಎಂಬ ವಿದ್ಯಾರ್ಥಿನಿ ಮಾತನಾಡಿದಳು. ತನ್ನ ಜೀವಮಾನದುದ್ದಕ್ಕೂ ನೀವು ಮಾತುಕತೆಯನ್ನೇ ನಡೆಸಿದ್ದೀರಿ, ಕೊಟ್ಟ ಮಾತನ್ನು ನಡೆಸಲಿಲ್ಲ ಎಂದು ಆಕೆ ಹಿರಿಯರ ಮುಖಕ್ಕೇ ಹೇಳಿದಳು. ಸಭೆಯನ್ನು ನಡೆಸುತ್ತಿದ್ದವರು, ಜಗತ್ತಿನ ಅರ್ಧ ಜನರ ಪರವಾದ ಮಾತನ್ನು ಮೊದಲು ಕೇಳದೆ ಕೊನೆಗೇಕೆ ಕೇಳುತ್ತೇವೆಂದು ತಮ್ಮ ವೈಯಕ್ತಿಕ ವಿಸ್ಮಯವನ್ನು ವ್ಯಕ್ತಪಡಿಸಿದರು.

ಕೊರತೆಗಳು

ಗುಣವನ್ನು ಹೇಳಿದವನು ದೋಷವನ್ನು ಮುಚ್ಚಬಾರದು. ವೀಕ್ಷಕರ ಹಕ್ಕು ಬಾಗಿಲವರೆಗಿನ ಹಕ್ಕು. ಬಿಕ್ಕಟ್ಟಿನ ಗಳಿಗೆ ಬಂದಾಗ ಬಾಗಿಲು ಮುಚ್ಚುವುದು. 2009ರಲ್ಲಿ ಕೋಪನ್‌ಹೇಗನ್ನಿನ ಸಭಾಮಂದಿರದಲ್ಲಿ 15,000 ಮಂದಿಗೆ ಸ್ಥಳವಿದ್ದಿತು. ಹೆಸರು ಕೊಟ್ಟವರು 40,000ಕ್ಕೂ ಹೆಚ್ಚು. ಅನೇಕರು ಡಿಸೆಂಬರಿನ ಚಳಿಯಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಮುಖ್ಯ ತೀರ್ಮಾನದ ಕೊನೆಯ ದಿನಗಳಲ್ಲಿ ವೀಕ್ಷಕರಲ್ಲಿ ಬಹುಮಂದಿ ಹೊರಗುಳಿದರು.

ವೀಕ್ಷಕರೆಲ್ಲರೂ ಲೋಕಹಿತವನ್ನೇ ಬಯಸುವರೆಂದು ತಿಳಿಯಬೇಡಿರಿ. ಎಣ್ಣೆ, ಕಲ್ಲಿದ್ದಲುಗಳ ವ್ಯಾಪಾರದ ಹಿತ ಕಾಯುವವರೂ ಇದೇ ಬಾಗಿಲಿನಿಂದ ಬರುವರು. ಆದುದರಿಂದ 2023ರ ದುಬೈ ಸಮ್ಮೇಳನಕ್ಕೆ ಹೆಸರು ಕೊಡುವಾಗ, ತಾವು ಯಾರ ಕಡೆಯವರೆಂಬುದನ್ನು ತಿಳಿಸಬೇಕೆಂಬ ಹೊಸ ನಿಯಮವು ಬಂದಿತು.

ಮತ್ತೊಂದು ಕೊರತೆ ನಮಗೆ ಹತ್ತಿರದ್ದು. ಮಹಾಸಭೆಯಲ್ಲಿ ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಎಂಬ ಆರು ಭಾಷೆಗಳಲ್ಲಿ ಅನುವಾದವಿದೆ; ಚಿಕ್ಕ ಕೋಣೆಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷೊಂದೇ. ನಮ್ಮ ನಾಡಿನ ನುಡಿಗಳಲ್ಲಿ ಒಂದೂ ಅಲ್ಲಿಲ್ಲ. ಮಳೆಯ ಏರುಪೇರಿನಿಂದ ಬೆಳೆ ಕಳೆದುಕೊಂಡು ಊರು ಬಿಟ್ಟು ಈ ನಗರಕ್ಕೆ ಬಂದ ರೈತನ ಅನುಭವವು ಅವನ ಭಾಷೆಯಲ್ಲಿಯೇ ಉಳಿದುಹೋಗುವುದು. ಅದನ್ನು ಅಲ್ಲಿಗೆ ಮುಟ್ಟಿಸುವವರು ಬೇಕು. ಎರಡು ಮೂರು ಭಾಷೆಗಳ ನಡುವೆ ದಿನವೂ ಬಾಳುತ್ತಿರುವ ನಿಮಗಿಂತ ಈ ಕೆಲಸಕ್ಕೆ ತಕ್ಕವರು ಯಾರು?

ನಾವು ಕಲಿಯತಕ್ಕುದು

ಕೊನೆಯದಾಗಿ ಒಂದು ಉದಾಹರಣೆ. ಇದು ಸಮ್ಮೇಳನದ ಹೊರಗೆ ನಡೆದುದು. ಆದರೆ ಮತವಿಲ್ಲದವರ ಶಕ್ತಿಗೆ ಒಳ್ಳೆಯ ಸಾಕ್ಷಿ. ಪೆಸಿಫಿಕ್ ಸಾಗರದ ವನುವಾಟು ದ್ವೀಪರಾಷ್ಟ್ರದಲ್ಲಿ 2019ರಲ್ಲಿ 27 ಮಂದಿ ಕಾನೂನು ವಿದ್ಯಾರ್ಥಿಗಳು ಸೇರಿ, ವಾಯುಗುಣದ ವಿಷಯದಲ್ಲಿ ರಾಷ್ಟ್ರಗಳ ಕರ್ತವ್ಯವೇನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳಬೇಕೆಂದು ನಿಶ್ಚಯಿಸಿದರು. ವಿದ್ಯಾರ್ಥಿಗಳಿಗೆ ಆ ನ್ಯಾಯಾಲಯದ ಬಾಗಿಲು ತೆರೆಯದು. ಅವರು ಸರಕಾರಗಳಿಗೆ ಪತ್ರ ಬರೆದರು. ವನುವಾಟು ಸರಕಾರವು ಅವರ ಮಾತನ್ನು ಎತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಸರ್ವಸಮ್ಮತಿಯಿಂದ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಿತು. 2025ರ ಜುಲೈ 23ರಂದು, ವಾಯುಗುಣವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯವೆಂದು ನ್ಯಾಯಾಲಯವು ತನ್ನ ಅಭಿಪ್ರಾಯವನ್ನು ನೀಡಿತು. ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯೊಂದು ಆರು ವರ್ಷಗಳಲ್ಲಿ ಹೇಗ್ ನಗರವನ್ನು ಮುಟ್ಟಿತು.

ನನಗೆ ಪ್ರಶ್ನೆ ಕೇಳಿದ ಬಾಲಿಕೆಗೆ ಈಗ ಉತ್ತರ ದೊರೆತಿರಬಹುದು. ವೀಕ್ಷಕನ ಬಲ ಅವನ ಕಣ್ಣಿನಲ್ಲಿದೆ. ಕಂಡದ್ದನ್ನು ತಪ್ಪಿಲ್ಲದೆ ತಿಳಿದು, ತಕ್ಕ ಹೊತ್ತಿನಲ್ಲಿ, ತಕ್ಕವರ ಮುಂದೆ ಹೇಳುವುದರಲ್ಲಿದೆ. ನಮ್ಮ ಕುರಿಗಾಹಿಗೆ ಗದ್ದೆಯಿರಲಿಲ್ಲ, ಏರಿಯ ಪರಿಚಯವಿತ್ತು. ಪರಿಚಯವಿಲ್ಲದೆ ಕೂಗಿದ್ದರೆ ಅದು ಗದ್ದಲವಾಗುತ್ತಿತ್ತು. ಪರಿಚಯವಿದ್ದೂ ಸುಮ್ಮನಿದ್ದರೆ ಏರಿ ಒಡೆಯುತ್ತಿತ್ತು.

ನಿಮಗೂ ಇನ್ನೂ ಮತವಿಲ್ಲ. ಆದರೆ ನಮ್ಮ ಶಾಲೆಯ ಓಣಿಯಲ್ಲಿ ಯಾವ ಮಳೆಗೆ ಎಲ್ಲಿಯವರೆಗೆ ನೀರು ನಿಲ್ಲುವುದೆಂಬುದನ್ನು ನಿಮ್ಮಷ್ಟು ಬಲ್ಲವರು ಯಾರು? ಮುಂಬಯಿ ಮಹಾನಗರಪಾಲಿಕೆಯು 2022ರಲ್ಲಿ ವಾಯುಗುಣದ ಕ್ರಿಯಾಯೋಜನೆಯೊಂದನ್ನು ಪ್ರಕಟಿಸಿದೆ. ಅದರಲ್ಲಿ ನಮ್ಮ ಓಣಿಯ ಸಂಗತಿ ಸೇರಬೇಕಾದರೆ ಅದನ್ನು ಯಾರಾದರೂ ಬರೆದಿಟ್ಟಿರಬೇಕು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಬಳಿ ಕುಳಿತು ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳು ಹಿಂದೆ ಹೇಗಿದ್ದುವು, ಈಗ ಹೇಗಿವೆ ಎಂದು ಕೇಳಿ ಬರೆದುಕೊಳ್ಳಿರಿ. ಕನ್ನಡದಲ್ಲಿ ಬರೆಯಿರಿ; ದಿನಾಂಕ ಹಾಕಿರಿ; ಊಹೆಯನ್ನು ಕಂಡದ್ದರೊಡನೆ ಬೆರೆಸಬೇಡಿರಿ. ನಾಳೆ ನಿಮ್ಮಲ್ಲೊಬ್ಬರು ಆ ದೂರದ ಸಭಾಮಂದಿರದಲ್ಲಿ ಎರಡು ನಿಮಿಷ ಮಾತನಾಡಲು ನಿಂತಾಗ, ಹೇಳಲು ಸತ್ಯವಾದ ಸಂಗತಿ ನಿಮ್ಮ ಕೈಯಲ್ಲಿರಲಿ.

ಅಭ್ಯಾಸ

1. ಸದಸ್ಯ ರಾಷ್ಟ್ರಕ್ಕೂ ವೀಕ್ಷಕ ಸಂಸ್ಥೆಗೂ ಇರುವ ವ್ಯತ್ಯಾಸವೇನು?
2. 'ಮಾಡತಕ್ಕದ್ದು', 'ಮಾಡುವುದು ಉಚಿತ' ಈ ಎರಡನ್ನೂ ಸ್ವಂತ ವಾಕ್ಯಗಳಲ್ಲಿ ಬಳಸಿ ಅರ್ಥಭೇದವನ್ನು ತೋರಿಸಿರಿ.
3. ನಿಮ್ಮ ಮನೆಯ ಸುತ್ತಲಿನ ಒಂದು ಸಂಗತಿಯನ್ನು ಒಂದು ತಿಂಗಳು ವೀಕ್ಷಿಸಿ ಒಂದು ಪುಟದ ವರದಿಯನ್ನು ಬರೆಯಿರಿ.