ಬೀದಿದೀಪದ ಲೆಕ್ಕದಲ್ಲಿ ಹಸಿರುಮನೆ ಅನಿಲದ ಪಾಠ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ‘ಹಸಿರುಮನೆ ಅನಿಲಗಳ ನಿಯಂತ್ರಣ’ ಎಂಬ ವಿಷಯ ಆರಿಸಿಕೊಂಡಿದ್ದೆ. ಪೂರ್ವಜ್ಞಾನ ಪರೀಕ್ಷೆಗೆ ‘ಇವನ್ನು ಕಡಿಮೆ ಮಾಡಬೇಕಾದವರು ಯಾರು?’ ಎಂದು ಕೇಳಿದೆ. ವಿಜ್ಞಾನಿಗಳು, ಸರ್ಕಾರ, ಕಾರ್ಖಾನೆಯವರು ಎಂಬ ಉತ್ತರ ಬಂತು. ಗ್ರಾಮ ಪಂಚಾಯಿತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅದು ಸಮಾಜ ವಿಜ್ಞಾನದ ಅವಧಿಗೆ ಸೇರಿದ್ದೆಂದು ಮಕ್ಕಳ ಭಾವನೆ. ನಮ್ಮ ಪಾಠಯೋಜನೆಗಳೂ ಹಾಗೇ ಇರುತ್ತವೆ ಬಿಡಿ.

ಮರುದಿನಕ್ಕೆ ಒಂದೇ ಗೃಹಪಾಠ ಕೊಟ್ಟೆ: ಊರಿನ ಬೀದಿದೀಪಗಳನ್ನು ರಾತ್ರಿ ಒಮ್ಮೆ, ಶಾಲೆಗೆ ಬರುವಾಗ ಒಮ್ಮೆ ಎಣಿಸುವುದು. ಒಟ್ಟು 60 ದೀಪ, ಎಲ್ಲವೂ 40 ವ್ಯಾಟಿನ ಟ್ಯೂಬ್‌ಲೈಟ್. ಅವುಗಳಲ್ಲಿ 15 ಬೆಳಿಗ್ಗೆಯೂ ಉರಿಯುತ್ತಿದ್ದವು. ಆ ಸಾಲಿಗೆ ಸ್ವಿಚ್ಚೇ ಇಲ್ಲ, ಹಗಲೆಲ್ಲ ಹಾಗೇ ಇರುತ್ತವೆ ಎಂದರು.

ಕಪ್ಪುಹಲಗೆಯಲ್ಲಿ ಲೆಕ್ಕ ಶುರುವಾಯಿತು. ಅರವತ್ತನ್ನೂ 20 ವ್ಯಾಟಿನ ಎಲ್‌ಇಡಿಗೆ ಬದಲಿಸಿದರೆ ರಾತ್ರಿಯ 12 ಗಂಟೆಯಲ್ಲಿ ಉಳಿಯುವುದು 14.4 ಯೂನಿಟ್, ವರ್ಷಕ್ಕೆ 5,256 ಯೂನಿಟ್. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿರುವ ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಆ ಪ್ರಕಾರ ವರ್ಷಕ್ಕೆ ಸುಮಾರು 3,680 ಕೆ.ಜಿ. ತಪ್ಪಿಸಬಹುದು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ಹಗಲು ಉರಿಯೋ ಹದಿನೈದನ್ನ ಆರಿಸಿದ್ರೆ ಎಷ್ಟು ಉಳಿಯುತ್ತೆ?’ ಎಂದಳು. ಅವಳನ್ನೇ ಹಲಗೆಗೆ ಕರೆದೆ. ದಿನಕ್ಕೆ 7.2 ಯೂನಿಟ್. ಸರಿಯಾಗಿ ಅರ್ಧ, ಅದೂ ಒಂದೇ ಒಂದು ಹೊಸ ದೀಪ ಕೊಳ್ಳದೆ! ತರಗತಿಯಲ್ಲಿ ಗದ್ದಲವೋ ಗದ್ದಲ. ಬೀದಿದೀಪದ ಬಿಲ್ಲು ಕಟ್ಟುವುದು ಪಂಚಾಯಿತಿ ಎಂದು ಹೇಳಿದ ಮೇಲಂತೂ ಗದ್ದಲ ಇನ್ನೂ ಜಾಸ್ತಿಯಾಯಿತು. ‘ಎಲ್‌ಇಡಿ, ಸೋಲಾರ್ ಬಳಸಬೇಕು’ ಎಂದು ಪಟ್ಟಿ ಬರೆಸಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಕಸದ ವಿಷಯಕ್ಕೆ ಹತ್ತು ನಿಮಿಷವಷ್ಟೇ ಉಳಿದಿತ್ತು. ಗಾಳಿಯಾಡದ ರಾಶಿಯಲ್ಲಿ ಹಸಿಕಸ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ತಾಪಪ್ರಭಾವ ಕಾರ್ಬನ್ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಹಸಿಕಸ ಬೇರ್ಪಡಿಸಿ, ಗಾಳಿಯಾಡುವಂತೆ ಗೊಬ್ಬರ ಮಾಡಿದರೆ ಮೀಥೇನ್ ಬಹಳ ಕಡಿಮೆ. ಇದಕ್ಕೂ ಲೆಕ್ಕ ಮಾಡಿಸಬೇಕೆನ್ನುವವರು ಒಂದು ವಾರ ಮೊದಲೇ ಶಾಲೆಯ ಬಿಸಿಯೂಟದ ಹಸಿಕಸವನ್ನು ತೂಗಿಸಿಡಿ.

ಮೌಲ್ಯಮಾಪನಕ್ಕೆ ಕಿರುಪರೀಕ್ಷೆ ಇಡಲಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಕೇಳಲು ಪ್ರತಿ ಗುಂಪು ಅಂಕಿಗಳೊಂದಿಗೆ ಒಂದು ಪ್ರಶ್ನೆ ಬರೆಯಬೇಕೆಂದೆ. ಐದು ಗುಂಪುಗಳಲ್ಲಿ ನಾಲ್ಕು ಆ ಸ್ವಿಚ್ಚನ್ನೇ ಕೇಳಿವೆ. ಹಾಳೆಗಳು ಈಗ ಮಾರ್ಗದರ್ಶಕ ಶಿಕ್ಷಕರ ಬಳಿ ಇವೆ.