ಕಾಡು ಸೇರಿದ ಬೆಕ್ಕು ಕಾಡುಬೆಕ್ಕೇ?



ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿನ ಮಕ್ಕಳಿಗೆ ಬೆಕ್ಕುಗಳ ಕಥೆಯೊಂದನ್ನು ಹೇಳಿದ್ದೆ. ಎರಡು ತಿಂಗಳ ನಂತರ ಮತ್ತೆ ಹೋದಾಗ ಏಳನೇ ತರಗತಿಯ ಹುಡುಗನೊಬ್ಬ ಓಡಿ ಬಂದು ಕೇಳಿದ: "ಸಾರ್, ನಮ್ಮ ಕಬ್ಬಿನ ಗದ್ದೆಯಲ್ಲಿ ಎರಡು ಬೆಕ್ಕಿನ ಮರಿ ಇವೆ. ತಾಯಿ ಇಲ್ಲ. ಕಾಡಿನ ಬೆಕ್ಕು ಅಂತಾರೆ. ಅವು ಯಾವ ಕುಲದವು? ಮನೆಗೆ ತಂದು ಸಾಕಲಾ?"

ಅವನ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಕಥೆ ಯಾವುದು ಎಂದು ನಿಮಗೂ ತಿಳಿಯಬೇಕಲ್ಲವೇ?

ಕಥೆಯ ಬೆಕ್ಕುಗಳು

ಇಂಗ್ಲಿಷ್‌ನಲ್ಲಿ 'ವಾರಿಯರ್ಸ್' ಎಂಬ ಕಥಾಮಾಲೆ ಇದೆ. ಇದರ ಮೊದಲ ಪುಸ್ತಕ 2003ರಲ್ಲಿ ಹೊರಬಂತು. ಮುಖಪುಟದಲ್ಲಿ ಲೇಖಕಿಯ ಹೆಸರು ಎರಿನ್ ಹಂಟರ್ ಎಂದಿದೆ. ಆದರೆ ಆ ಹೆಸರಿನ ವ್ಯಕ್ತಿ ಯಾರೂ ಇಲ್ಲ! ವಿಕ್ಟೋರಿಯಾ ಹೋಮ್ಸ್, ಕೇಟ್ ಕ್ಯಾರಿ, ಚೆರಿತ್ ಬಾಲ್ಡ್ರಿ ಮತ್ತಿತರರು ಸೇರಿ ಇಟ್ಟುಕೊಂಡ ಹೆಸರು ಅದು.

ಮನೆಯಲ್ಲಿ ಬೆಳೆದ ರಸ್ಟಿ ಎಂಬ ಕೆಂಬಣ್ಣದ ಮರಿಬೆಕ್ಕು ಒಂದು ದಿನ ಬೇಲಿ ದಾಟಿ ಕಾಡಿಗೆ ಹೋಗುತ್ತದೆ. ಅಲ್ಲಿ ಬೆಕ್ಕುಗಳ ನಾಲ್ಕು ಕುಲಗಳಿವೆ: ಗುಡುಗಿನ ಕುಲ, ಹೊಳೆಯ ಕುಲ, ಗಾಳಿಯ ಕುಲ, ನೆರಳಿನ ಕುಲ. ಪ್ರತಿ ಕುಲಕ್ಕೂ ಒಬ್ಬ ನಾಯಕ, ಒಂದು ಗಡಿ. ಹೊಳೆಯ ಕುಲದವು ಮೀನು ಹಿಡಿಯುತ್ತವೆ, ಗಾಳಿಯ ಕುಲದವು ಮೊಲ ಬೆನ್ನಟ್ಟುತ್ತವೆ. ರಸ್ಟಿ ಗುಡುಗಿನ ಕುಲಕ್ಕೆ ಸೇರಿ ಬೇಟೆ ಕಲಿತು, ಮುಂದೆ ಆ ಕುಲದ ನಾಯಕನೇ ಆಗುತ್ತಾನೆ.

ಕಥೆ ಎಂದರೆ ಸುಳ್ಳು, ಓದಬಾರದು ಎಂದು ನಾನು ಹೇಳುವುದಿಲ್ಲ. ಸಂತೋಷವಾಗಿ ಓದಿ. ಓದಿ ಮುಗಿಸಿದ ಮೇಲೆ ಮಾತ್ರ ಮೂರು ಬುಟ್ಟಿಗಳನ್ನು ಮುಂದಿಟ್ಟುಕೊಳ್ಳಿ: ನಿಜ, ಅರ್ಧ ನಿಜ, ಕಲ್ಪನೆ. ಕಥೆಯ ಸಂಗತಿಗಳನ್ನು ಒಂದೊಂದಾಗಿ ಆರಿಸಿ ಹಾಕಿ.

ಮೊದಲ ಬುಟ್ಟಿ: ನಿಜ

ಕಥೆಯ ಬೆಕ್ಕುಗಳು ವಾಸನೆಯಿಂದ ಗಡಿ ಗುರುತಿಸುತ್ತವೆ. ಇದು ನಿಜ. ಬೆಕ್ಕಿನ ಕೆನ್ನೆ, ಗಲ್ಲ ಮತ್ತು ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ನಿಮ್ಮ ಮನೆಯ ಬೆಕ್ಕು ಬಾಗಿಲಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುವುದನ್ನು ನೋಡಿದ್ದೀರಲ್ಲ? ಅದು ಬರೀ ಮುದ್ದು ಮಾತ್ರವಲ್ಲ, ತನ್ನ ವಾಸನೆಯನ್ನು ಅಲ್ಲಿ ಬಿಡುವ ಕೆಲಸವೂ ಹೌದು. ಗಂಡುಬೆಕ್ಕು ಮೂತ್ರ ಸಿಂಪಡಿಸಿಯೂ ಗುರುತು ಮಾಡುತ್ತದೆ.

ಕಥೆಯ ಬೆಕ್ಕುಗಳು ಬಾಯಿ ತೆರೆದು ಗಾಳಿಯ 'ರುಚಿ' ನೋಡುತ್ತವೆ. ಇದಕ್ಕೂ ಆಧಾರವಿದೆ. ಬೆಕ್ಕಿನ ಬಾಯಿಯ ಅಂಗಳದಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಸಣ್ಣ ರಂಧ್ರಗಳಿವೆ. ಇತರ ಬೆಕ್ಕುಗಳು ಬಿಟ್ಟ ವಾಸನೆ ಇವುಗಳ ಮೂಲಕ ವಿಶೇಷ ಅಂಗವೊಂದನ್ನು ತಲುಪುತ್ತದೆ.

ಎರಡನೇ ಬುಟ್ಟಿ: ಅರ್ಧ ನಿಜ

ಬೆಕ್ಕುಗಳು ಗುಂಪಾಗಿ ಬಾಳುತ್ತವೆಯೇ? ಬೆಕ್ಕಿನ ಕುಟುಂಬದಲ್ಲಿ ಸಿಂಹ ಗುಂಪುಜೀವಿ. ಹುಲಿ, ಚಿರತೆ, ಕಾಡುಬೆಕ್ಕು ಮುಂತಾದವು ಒಂಟಿಯಾಗಿ ಬಾಳುತ್ತವೆ. ಆದರೆ ಮನೆ ಬಿಟ್ಟು ಅಲೆಯುವ ಬೆಕ್ಕುಗಳು, ಮೀನು ಮಾರುಕಟ್ಟೆಯಂತಹ ಆಹಾರ ಹೇರಳವಾಗಿರುವ ಕಡೆ ಗುಂಪು ಕಟ್ಟಿಕೊಳ್ಳುತ್ತವೆ. ಗುಂಪಿನಲ್ಲಿ ತಾಯಿ, ಮಗಳು, ಅಕ್ಕತಂಗಿಯರಂತಹ ಹತ್ತಿರದ ಹೆಣ್ಣುಗಳೇ ಹೆಚ್ಚು. ಒಂದರ ಮರಿಗೆ ಇನ್ನೊಂದು ಹಾಲು ಕೊಡುವುದೂ ಉಂಟು. ಆದರೆ ಅಪ್ಪಣೆ ಕೊಡುವ ನಾಯಕ ಇರುವುದಿಲ್ಲ. ಕಥೆಯಲ್ಲಿರುವಂತೆ ಬೇಟೆಯ ದಳವೂ ಇರುವುದಿಲ್ಲ. ಪ್ರತಿ ಬೆಕ್ಕೂ ತನ್ನ ಇಲಿಯನ್ನು ತಾನೇ ಹಿಡಿಯಬೇಕು.

ಕಥೆಯ ವೈದ್ಯ ಬೆಕ್ಕು ಕೆಮ್ಮಿಗೆ ಕ್ಯಾಟ್‌ಮಿಂಟ್ ಎಂಬ ಸೊಪ್ಪು ಕೊಡುತ್ತದೆ. ಆ ಗಿಡ ಬೆಕ್ಕುಗಳನ್ನು ಸೆಳೆಯುವುದು ನಿಜ. ಅದರ ವಾಸನೆಗೆ ಅನೇಕ ಬೆಕ್ಕುಗಳು ನೆಲದ ಮೇಲೆ ಹೊರಳಾಡುತ್ತವೆ. ಆದರೆ ಕೆಮ್ಮು ವಾಸಿಯಾಗುವುದು ಕಥೆಯಲ್ಲಿ ಮಾತ್ರ. ನಮ್ಮ ಹಿತ್ತಲಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರಿಗೂ ಬೆಕ್ಕುಗಳನ್ನು ಸೆಳೆಯುವ ಗುಣವಿದೆ.

ಮೂರನೇ ಬುಟ್ಟಿ: ಕಲ್ಪನೆ

ನಾಯಕ ಬೆಕ್ಕಿಗೆ ಒಂಬತ್ತು ಜೀವ, ಹುಣ್ಣಿಮೆಯ ರಾತ್ರಿ ನಾಲ್ಕು ಕುಲಗಳ ಸಭೆ, ಆಕಾಶದಿಂದ ಮಾತನಾಡುವ ಹಿರಿಯರು - ಇವೆಲ್ಲ ಕಲ್ಪನೆ. ಇವಿಲ್ಲದೆ ಕಥೆ ರುಚಿಸುವುದಿಲ್ಲ. ಇವನ್ನು ಮೊದಲ ಬುಟ್ಟಿಗೆ ಹಾಕದಿದ್ದರೆ ಸಾಕು.

ನಿಮಗೆ ಗೊತ್ತೇ?
ಮೊದಲ ಪುಸ್ತಕದಲ್ಲಿ ರೆಡ್‌ಟೇಲ್ ಎಂಬ ಗಂಡುಬೆಕ್ಕಿಗೆ ಕಪ್ಪು ಮತ್ತು ಕೇಸರಿ ಬೆರೆತ ಮೈಬಣ್ಣವಿದೆ. ನಿಜ ಜೀವನದಲ್ಲಿ ಈ ಎರಡೂ ಬಣ್ಣ ಒಟ್ಟಿಗೆ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ! ಕೇಸರಿ ಬಣ್ಣವನ್ನು ನಿರ್ಧರಿಸುವ ಗುಣ ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಸಾಮಾನ್ಯವಾಗಿ ಒಂದೇ. ಆದ್ದರಿಂದ ರೆಡ್‌ಟೇಲ್‌ನಂತಹ ಗಂಡುಬೆಕ್ಕು ಬಹಳ ಅಪರೂಪ.

ಮುಖ್ಯವಾದ ಪ್ರಶ್ನೆ

ಈಗ ತಲೆಬರಹದ ಪ್ರಶ್ನೆಗೆ ಬರೋಣ. ರಸ್ಟಿ ಕಾಡಿಗೆ ಹೋಗಿ ಕಾಡುಬೆಕ್ಕು ಆದನೇ? ಇಲ್ಲ. ಊರಿನ ಕೋಳಿ ಕಾಡಿಗೆ ಹೋದರೆ ನವಿಲಾಗುತ್ತದೆಯೇ? ಹಾಗೆಯೇ ಇದು. ಮನೆಬೆಕ್ಕಿನ ವೈಜ್ಞಾನಿಕ ಹೆಸರು ಫೆಲಿಸ್ ಕ್ಯಾಟಸ್. ಅದು ಕಾಡಿನಲ್ಲಿದ್ದರೂ ಕಾಡು ಸೇರಿದ ಮನೆಬೆಕ್ಕೇ. ಕಾಡುಬೆಕ್ಕುಗಳದು ಬೇರೆ ಪ್ರಭೇದ.

ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಕಥೆ ಹುಟ್ಟಿದ ಬ್ರಿಟನ್ನಿನಲ್ಲಿಯೇ ಇದಕ್ಕೆ ದುಃಖದ ಉದಾಹರಣೆ ಇದೆ. ಒಂದು ಕಾಲದಲ್ಲಿ ಆ ದ್ವೀಪದ ತುಂಬ ಇದ್ದ ಕಾಡುಬೆಕ್ಕು, ಬೇಟೆ ಮತ್ತು ಕಾಡಿನ ನಾಶದಿಂದ ಸ್ಕಾಟ್ಲೆಂಡಿನಲ್ಲಿ ಮಾತ್ರ ಉಳಿಯಿತು. ಅಲ್ಲಿಯೂ ಕಾಡು ಸೇರಿದ ಮನೆಬೆಕ್ಕುಗಳೊಡನೆ ಕೂಡಿ ಮಿಶ್ರ ಮರಿಗಳು ಹುಟ್ಟಿದವು. ಪೀಳಿಗೆಯಿಂದ ಪೀಳಿಗೆಗೆ ಅಸಲು ಕಾಡುಬೆಕ್ಕು ಕರಗುತ್ತಾ ಹೋಯಿತು. ಕಾಡಿನಲ್ಲಿ ಉಳಿದಿರುವ ಕಾಡುಬೆಕ್ಕುಗಳು ತಾವಾಗಿಯೇ ಚೇತರಿಸಿಕೊಳ್ಳಲಾರವು ಎಂದು 2019ರಲ್ಲಿ ತಜ್ಞರು ವರದಿ ಕೊಟ್ಟರು. 2023ರಲ್ಲಿ, ಸಂರಕ್ಷಣಾ ಕೇಂದ್ರದಲ್ಲಿ ಬೆಳೆಸಿದ ಕಾಡುಬೆಕ್ಕುಗಳನ್ನು ಅಲ್ಲಿನ ಕೇರ್ನ್‌ಗಾರ್ಮ್ಸ್ ಬೆಟ್ಟಪ್ರದೇಶದಲ್ಲಿ ಬಿಡಲಾಯಿತು. ಮರುವರ್ಷ ಅವುಗಳಿಗೆ ಕಾಡಿನಲ್ಲಿಯೇ ಮರಿಗಳು ಹುಟ್ಟಿದವು.

ಕಥೆಯಲ್ಲಿ ಬೇಲಿ ದಾಟಿದ ರಸ್ಟಿ ವೀರ. ನಿಜವಾದ ಕಾಡಿನಲ್ಲಿ ಅವನೇ ಕಾಡುಬೆಕ್ಕಿಗೆ ಅಪಾಯ!

ನಮ್ಮ ಗದ್ದೆಯ ಬೆಕ್ಕು

ನಮ್ಮ ನಾಡಿನಲ್ಲಿ ಕಾಡುಬೆಕ್ಕು ಎಂದು ಕರೆಯುವ ಪ್ರಾಣಿ ಫೆಲಿಸ್ ಚಾಸ್. ಹೆಸರು ಕಾಡುಬೆಕ್ಕಾದರೂ ಅದಕ್ಕೆ ದಟ್ಟ ಕಾಡಿಗಿಂತ ಹುಲ್ಲುಗಾವಲು, ಕುರುಚಲು, ಜೊಂಡು ಬೆಳೆದ ಕೆರೆಯಂಚು ಮತ್ತು ಕಬ್ಬಿನ ಗದ್ದೆ ಇಷ್ಟ. ಮನೆಬೆಕ್ಕಿಗಿಂತ ದೊಡ್ಡ ಮೈ, ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಯ ಹತ್ತಿರ ಕಪ್ಪು ಬಳೆಗಳು - ಇವು ಅದರ ಗುರುತು. ದೊಡ್ಡದರ ಮೈಮೇಲೆ ಪಟ್ಟೆ ಅಷ್ಟಾಗಿ ಕಾಣುವುದಿಲ್ಲ. ಮರಿಗಳಿಗೆ ಮಾತ್ರ ಪಟ್ಟೆಗಳಿರುತ್ತವೆ. ಅದಕ್ಕೇ ಜನ ಅವನ್ನು ಮನೆಬೆಕ್ಕಿನ ಮರಿ ಎಂದೋ ಚಿರತೆಯ ಮರಿ ಎಂದೋ ತಪ್ಪು ತಿಳಿಯುತ್ತಾರೆ.

ಇದು ರೈತನ ಗೆಳೆಯ. ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನಬಹುದೆಂದು ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಎಷ್ಟಾಯಿತು? ನೀವೇ ಗುಣಿಸಿ ನೋಡಿ.

ಆ ಎರಡು ಮರಿಗಳು

ಹುಡುಗನಿಗೆ ನಾನು ಕೊಟ್ಟ ಉತ್ತರ ಇದು: "ಕುಲ ಯಾವುದೂ ಇಲ್ಲಪ್ಪ, ಅವುಗಳಿಗೆ ತಾಯಿ ಒಬ್ಬಳೇ. ತಾಯಿ ಇಲ್ಲ ಅಂತ ನೀನು ಹೇಗೆ ಹೇಳುತ್ತೀ? ಅವಳು ಬೇಟೆಗೆ ಹೋಗಿರಬಹುದು. ಕಬ್ಬು ಕಡಿಯುವವರ ಸದ್ದಿಗೆ ಹೆದರಿ ದೂರದಲ್ಲಿ ಕೂತಿರಬಹುದು. ಮುಟ್ಟಬೇಡಿ."

ಹುಡುಗ ಅಪ್ಪನಿಗೆ ಹೇಳಿದ. ಅವರು ಆ ನಾಲ್ಕು ಸಾಲು ಕಬ್ಬನ್ನು ಅಂದು ಬಿಟ್ಟು, ಗದ್ದೆಯ ಇನ್ನೊಂದು ಕಡೆ ಕಡಿದರು. ನಾಯಿಯನ್ನು ಮನೆಯಲ್ಲಿ ಕಟ್ಟಿಹಾಕಿದರು. ಮರುದಿನ ಬೆಳಿಗ್ಗೆ ನೋಡಿದರೆ ತರಗಿನ ಮೇಲೆ ಮರಿಗಳಿಲ್ಲ, ಮೆತ್ತನೆಯ ಮಣ್ಣಿನಲ್ಲಿ ದೊಡ್ಡ ಬೆಕ್ಕಿನ ಹೆಜ್ಜೆಗಳಿವೆ. ತಾಯಿ ಕತ್ತಲಲ್ಲಿ ಬಂದು ಒಯ್ದಿದ್ದಿರಬೇಕು. "ಒಂದನ್ನಾದರೂ ಸಾಕಬೇಕು ಅಂತ ಆಸೆ ಇತ್ತು ಸಾರ್" ಎಂದ ಹುಡುಗ. ಆಸೆ ತಪ್ಪಲ್ಲ. ಆದರೆ ಮನೆಯಲ್ಲಿ ಬೆಳೆದ ಮರಿಗೆ ಬೇಟೆ ಕಲಿಸುವ ತಾಯಿ ಇರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಬೆಕ್ಕನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ನೆನಪಿಡಿ
1. ಗದ್ದೆಯಲ್ಲಿ, ಪೊದೆಯಲ್ಲಿ ಮರಿ ಕಂಡರೆ ಮುಟ್ಟದೆ ದೂರ ಸರಿಯಿರಿ. ದೊಡ್ಡವರಿಗೆ ತಿಳಿಸಿ. ಮರಿಗೆ ಗಾಯವಾಗಿದ್ದರೆ ಅಥವಾ ಮರುದಿನವೂ ತಾಯಿ ಬಾರದಿದ್ದರೆ ಅರಣ್ಯ ಇಲಾಖೆಗೆ ಹೇಳಿಸಿ.
2. ಯಾವುದೇ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೆಕ್ಕಿನಿಂದಲೂ ರೇಬೀಸ್ ಬರಬಹುದು.
3. ಸಾಕಿದ ಬೆಕ್ಕಿನ ಮರಿಗಳು ಹೆಚ್ಚಾದವೆಂದು ಕಾಡಿನಂಚಿನಲ್ಲಿ ಬಿಟ್ಟು ಬರಬಾರದು.

ನೀವೇ ಮಾಡಿ ನೋಡಿ
1. ನಿಮ್ಮ ಬೀದಿಯಲ್ಲಿ ಕಪ್ಪು ಮತ್ತು ಕೇಸರಿ ಎರಡೂ ಬಣ್ಣವಿರುವ ಬೆಕ್ಕುಗಳೆಷ್ಟು? ಹೆಣ್ಣೋ ಗಂಡೋ ಎಂದು ಸಾಕಿದವರನ್ನು ಕೇಳಿ ಬರೆದುಕೊಳ್ಳಿ.
2. ಒಂದು ಬೆಕ್ಕನ್ನು ದೂರದಿಂದ ಅರ್ಧ ಗಂಟೆ ಗಮನಿಸಿ. ಎಷ್ಟು ಸಲ, ಎಲ್ಲೆಲ್ಲಿ ಕೆನ್ನೆ ಉಜ್ಜಿತು?
3. ನಿಮಗೆ ಗೊತ್ತಿರುವ ಯಾವುದಾದರೂ ಪ್ರಾಣಿಯ ಕಥೆಯನ್ನು ಆರಿಸಿಕೊಂಡು ಮೂರು ಬುಟ್ಟಿಗಳ ಪಟ್ಟಿ ಮಾಡಿ. ಯಾವ ಬುಟ್ಟಿ ಎಂದು ತಿಳಿಯದ ಸಂಗತಿಗಳನ್ನು ಬೇರೆಯಾಗಿ ಬರೆದಿಟ್ಟು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ. ವಿಜ್ಞಾನದ ಪಾಠ ಶುರುವಾಗುವುದು ಅಲ್ಲಿಂದಲೇ.